ಜಮೀನಿನ ಬದಲಿಗೆ ಪಾಸ್‌ಬುಕ್

ಬಡವರಿಗೆ ಉಳಿತಾಯದ ಪಾಠ ಹೇಳುವುದು ಉಳ್ಳವರ ಹಳೆಯ ಚಟ. ಅಮೆರಿಕದಲ್ಲಿ ಈ ಚಟಕ್ಕೆ 160 ವರ್ಷಗಳ ಇತಿಹಾಸವಿದೆ. ಕಪ್ಪು ಜನರ ಬಡತನದ ಮಾತು ಬಂದಾಗಲೆಲ್ಲ ಅಲ್ಲಿನ ಅಧಿಕಾರಸ್ಥರಿಗೆ ಮತ್ತೆ ಮತ್ತೆ ಹೊಳೆಯುವ ಪರಿಹಾರ: ಅವರಿಗೊಂದು ಬ್ಯಾಂಕು ಕೊಡೋಣ, ಅವರೇ ಮೇಲೆ ಬರಲಿ. ಸಮುದಾಯ ಅಭಿವೃದ್ಧಿ ಬ್ಯಾಂಕುಗಳ ಬಗ್ಗೆ ನನಗೆ ತಕರಾರಿಲ್ಲ. ಅವುಗಳನ್ನು ಮುಂದೆ ಮಾಡಿ ಹಳೆಯ ಬಾಕಿಯಿಂದ ನುಣುಚಿಕೊಳ್ಳುವವರ ಬಗ್ಗೆ ಇದೆ.

ಕತೆ ಶುರುವಾಗುವುದು 1865ರಲ್ಲಿ. ಅಂತರ್ಯುದ್ಧ ಇನ್ನೂ ಮುಗಿದಿರಲಿಲ್ಲ. ಜನವರಿಯಲ್ಲಿ ಜನರಲ್ ಶರ್ಮನ್ ಒಂದು ಆದೇಶ ಹೊರಡಿಸಿದರು: ದಕ್ಷಿಣ ಕೆರೊಲಿನಾದಿಂದ ಫ್ಲಾರಿಡಾವರೆಗಿನ ಕರಾವಳಿಯ ಜಮೀನನ್ನು ಗುಲಾಮಗಿರಿಯಿಂದ ಬಿಡುಗಡೆಯಾದ ಕುಟುಂಬಗಳಿಗೆ ತಲಾ 40 ಎಕರೆ ಮೀರದಂತೆ ಹಂಚಬೇಕು. ಸುಮಾರು 40 ಸಾವಿರ ಜನ ಆ ನೆಲದಲ್ಲಿ ನೆಲೆಯೂರಿದರು. ಅದೇ ವರ್ಷ ಮಾರ್ಚ್ 3ರಂದು ಅಧ್ಯಕ್ಷ ಲಿಂಕನ್ ಫ್ರೀಡ್‌ಮನ್ಸ್ ಸೇವಿಂಗ್ಸ್ ಬ್ಯಾಂಕಿನ ಕಾಯ್ದೆಗೆ ಸಹಿ ಹಾಕಿದರು. ಏಪ್ರಿಲ್‌ನಲ್ಲಿ ಅವರ ಹತ್ಯೆಯಾಯಿತು. ನಂತರ ಬಂದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ಜಮೀನನ್ನು ಹಳೆಯ ಒಡೆಯರಿಗೇ ಮರಳಿಸುವ ಏರ್ಪಾಡು ಮಾಡಿದರು. ಜಮೀನು ಹೋಯಿತು, ಪಾಸ್‌ಬುಕ್ ಉಳಿಯಿತು.

ಆ ಪಾಸ್‌ಬುಕ್ಕಿನ ಗತಿಯೇನಾಯಿತು? ಸರ್ಕಾರವೇ ಹುಟ್ಟುಹಾಕಿದ ಬ್ಯಾಂಕು, ಹಣಕ್ಕೆ ಸರ್ಕಾರದ ಖಾತರಿಯಿದೆ ಎಂದೇ ಜನ ನಂಬಿದ್ದರು. ಖಾತರಿ ಇರಲಿಲ್ಲ. 1870ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಠೇವಣಿ ಹಣವನ್ನು ಸಾಲ ಕೊಡಲು ದಾರಿ ತೆರೆಯಲಾಯಿತು. ಬ್ಯಾಂಕಿನ ಹಣಕಾಸು ಸಮಿತಿಯ ಮೇಲೆ ಹಿಡಿತವಿದ್ದದ್ದು ರೈಲ್ವೆ ಬಾಂಡುಗಳ ದೊಡ್ಡ ವ್ಯಾಪಾರಿ ಜೇ ಕುಕ್ ಅವರ ತಮ್ಮ ಹೆನ್ರಿ ಕುಕ್ ಕೈಯಲ್ಲಿ. ಹತ್ತಿ ಬಿಡಿಸಿದವರ, ಬಟ್ಟೆ ಒಗೆದವರ ದುಡ್ಡು ವಾಷಿಂಗ್ಟನ್ನಿನ ಬಿಳಿಯ ಧನಿಕರಿಗೆ ಸಾಲವಾಗಿ ಹರಿಯಿತು. 1873ರ ಆರ್ಥಿಕ ಕುಸಿತದಲ್ಲಿ ಎಲ್ಲವೂ ಅಲುಗಾಡಿತು. 1874ರ ಮಾರ್ಚ್‌ನಲ್ಲಿ ಫ್ರೆಡರಿಕ್ ಡಗ್ಲಸ್ ಅವರನ್ನು ಬ್ಯಾಂಕಿನ ಅಧ್ಯಕ್ಷರನ್ನಾಗಿ ಕೂರಿಸಿದರು. ಅವರು ತಮ್ಮ ಸ್ವಂತದ 10 ಸಾವಿರ ಡಾಲರ್ ಹಾಕಿದರು. ಆಗಲೇ ಕೈಮೀರಿತ್ತು. ಜೂನ್ ಕೊನೆಗೆ ಬ್ಯಾಂಕು ಬಾಗಿಲು ಹಾಕಿತು. 61 ಸಾವಿರಕ್ಕೂ ಹೆಚ್ಚು ಖಾತೆದಾರರ ಸುಮಾರು 30 ಲಕ್ಷ ಡಾಲರ್ ಅದರಲ್ಲಿ ಸಿಕ್ಕಿಕೊಂಡಿತ್ತು. ಕೆಲವರಿಗೆ ಒಂದಷ್ಟು ಪಾಲು ಮರಳಿತು, ಅನೇಕರಿಗೆ ಬಿಡಿಗಾಸೂ ಸಿಗಲಿಲ್ಲ. 2016ರಲ್ಲಿ ಅಮೆರಿಕದ ಖಜಾನೆ ಇಲಾಖೆ, ಆ ಬ್ಯಾಂಕಿನ ಕಚೇರಿಯಿದ್ದ ಜಾಗದಲ್ಲಿರುವ ತನ್ನ ಕಟ್ಟಡಕ್ಕೆ ಫ್ರೀಡ್‌ಮನ್ಸ್ ಬ್ಯಾಂಕ್ ಬಿಲ್ಡಿಂಗ್ ಎಂದು ಹೆಸರಿಟ್ಟಿತು. ಕಳೆದುಹೋದ ದುಡ್ಡಿಗೆ ಸಂದ ಬಡ್ಡಿ ಅದೇ!

ಕಪ್ಪು ಜನ ಉಳಿಸಲಿಲ್ಲ, ಅದಕ್ಕೇ ಬಡವರಾದರು ಎನ್ನುವವರು ಬಿಳಿಯರು ಹೇಗೆ ಆಸ್ತಿವಂತರಾದರು ಎಂಬುದನ್ನೂ ಹೇಳಬೇಕು. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿ, ಸಾಲಕ್ಕೆ ‘ಅಪಾಯಕಾರಿ’ ಎನಿಸಿದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಕಪ್ಪು ಜನರ ಕೇರಿಗಳು ಹೆಚ್ಚುಕಡಿಮೆ ಎಲ್ಲವೂ ಕೆಂಪಾದವು. 1934ರಲ್ಲಿ ಬಂದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಗೃಹಸಾಲಗಳಿಗೆ ಸರ್ಕಾರದ ವಿಮೆ ಕೊಟ್ಟಿತು, ಆದರೆ ಮುಖ್ಯವಾಗಿ ಬಿಳಿಯರ ಬಡಾವಣೆಗಳಲ್ಲಿ. ಅಗ್ಗದ ಸಾಲದಲ್ಲಿ ಅವರು ಮನೆ ಕೊಂಡರು, ಮನೆಯ ಬೆಲೆ ಏರಿತು, ಮಕ್ಕಳ ಕಾಲೇಜಿಗೆ ಅದೇ ಆಸರೆಯಾಯಿತು. ಇದು ಉಳಿತಾಯದ ಫಲವೋ, ಸರ್ಕಾರದ ಕೊಡುಗೆಯೋ? ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆ ನೋಡಿ. ಕುಟುಂಬಗಳನ್ನು ಆಸ್ತಿಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ, ನಟ್ಟನಡುವೆ ನಿಲ್ಲುವ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900.

ಈ ಅಂತರವನ್ನು ಸಮುದಾಯದ ಬ್ಯಾಂಕು ತುಂಬಬಲ್ಲದೇ? ಹನಿ ಹನಿ ಗೂಡಿದರೆ ಹಳ್ಳ ಎನ್ನುತ್ತೇವೆ. ಹಳ್ಳದ ತಳ ಸೋರುತ್ತಿದ್ದರೆ? ಬಡವರ ಖಾತೆಗಳು ಸಣ್ಣವು, ನಿರ್ವಹಣೆಯ ಖರ್ಚು ಹೆಚ್ಚು. ಕೂಲಿ ತಡವಾದ ವಾರ ದುಡ್ಡು ತೆಗೆಯಲೇಬೇಕು, ಹಾಗಾಗಿ ಬ್ಯಾಂಕು ಹೆಚ್ಚು ನಗದು ಇಟ್ಟುಕೊಂಡು ಕಡಿಮೆ ಸಾಲ ಕೊಡಬೇಕು. ಕೊಟ್ಟ ಸಾಲದಲ್ಲಿ ಕಪ್ಪು ಕುಟುಂಬ ಮನೆ ಕೊಂಡರೆ ಮಾರುವವನು ಬಿಳಿಯ, ಆ ಹಣ ಸೇರುವುದು ಅವನ ಬ್ಯಾಂಕಿಗೆ. ಬಿಳಿಯರು ಬಡಾವಣೆ ಬಿಟ್ಟುಹೋದಂತೆ ಮನೆಯ ಬೆಲೆ ಇಳಿಯುತ್ತದೆ, ಅಡಮಾನದ ಬಲವೂ ಕುಸಿಯುತ್ತದೆ. ಮೆಹರ್ಸಾ ಬರದಾರನ್ 2017ರ ‘ದಿ ಕಲರ್ ಆಫ್ ಮನಿ’ ಪುಸ್ತಕದಲ್ಲಿ ಈ ಬಲೆಯನ್ನು ಎಳೆಎಳೆಯಾಗಿ ಬಿಡಿಸಿ ತೋರಿಸಿದ್ದಾರೆ. ಬ್ಯಾಂಕು ಇರುವ ಹಣವನ್ನು ಓಡಾಡಿಸಬಲ್ಲದು. ಕಸಿದುಕೊಂಡ ಹಣವನ್ನು ಮರಳಿ ತರಲಾರದು.

ಹಾಗಾದರೆ ಇಂಥ ಬ್ಯಾಂಕುಗಳು ವ್ಯರ್ಥವೇ? ಖಂಡಿತ ಅಲ್ಲ. ಷಿಕಾಗೋದ ಸೌತ್ ಶೋರ್ ಬಡಾವಣೆಯಲ್ಲಿ ಕಪ್ಪು ಜನ ಹೆಚ್ಚಾದಂತೆ ಅಲ್ಲಿನ ಬ್ಯಾಂಕು ಜಾಗ ಖಾಲಿಮಾಡಲು ಹೊರಟಿತ್ತು. 1973ರಲ್ಲಿ ನಾಲ್ವರು ಸ್ನೇಹಿತರು ಮುಂದಾಗಿ ಅದನ್ನೇ ಕೊಂಡರು. ಮುಂದೆ ಶೋರ್‌ಬ್ಯಾಂಕ್ ಎಂದು ಹೆಸರಾದ ಅದು, ಬೇರೆಯವರು ಮೂಸಿಯೂ ನೋಡದ ಹಳೆಯ ಅಪಾರ್ಟ್‌ಮೆಂಟುಗಳ ದುರಸ್ತಿಗೆ ಸಾಲ ಕೊಟ್ಟು ಬಡಾವಣೆಯನ್ನು ಎತ್ತಿ ನಿಲ್ಲಿಸಿತು. ಕ್ಲಿಂಟನ್ ಅದನ್ನೇ ಮಾದರಿಯೆಂದು ಹೊಗಳಿದರು. 1994ರಲ್ಲಿ ಇಂಥ ಸಂಸ್ಥೆಗಳಿಗೆಂದೇ ಸಿಡಿಎಫ್‌ಐ ನಿಧಿ ಹುಟ್ಟಿತು. ಆದರೆ 2008ರ ಕುಸಿತ ಬಂದಾಗ ಸರ್ಕಾರ ದೊಡ್ಡ ಬ್ಯಾಂಕುಗಳ ಕೈಹಿಡಿಯಿತು. ಶೋರ್‌ಬ್ಯಾಂಕ್ ಕೇಳಿದ ನೆರವು ಸಿಗಲಿಲ್ಲ, 2010ರಲ್ಲಿ ಅದು ಮುಚ್ಚಿತು. ಹೊಗಳಿಕೆಗೆ ಬರವಿರಲಿಲ್ಲ, ಬಂಡವಾಳಕ್ಕಿತ್ತು.

ಈಗ ಆ ನಿಧಿಗೂ ಕುತ್ತು ಬಂದಿದೆ. 2025ರ ಮಾರ್ಚ್‌ನಲ್ಲಿ ಟ್ರಂಪ್, ಅದನ್ನು ಕಾನೂನು ಕಡ್ಡಾಯಪಡಿಸುವಷ್ಟಕ್ಕೆ ಮಾತ್ರ ಇಳಿಸಬೇಕೆಂದು ಆದೇಶಿಸಿದರು. ನನ್ನ ವಾದವನ್ನು ಇಂಥವರು ತಮ್ಮ ಕತ್ತರಿಗೆ ಸಾಣೆ ಮಾಡಿಕೊಳ್ಳಬಾರದು. ಔಷಧಿ ಸಾಲದು ಎಂದರೆ ಇರುವ ಔಷಧಿಯನ್ನೂ ಚೆಲ್ಲಿ ಎಂದು ಅರ್ಥವಲ್ಲ. ಮಿಸಿಸಿಪ್ಪಿಯ ಸಣ್ಣ ಊರಿನಲ್ಲಿ ಕೊನೆಯ ಬ್ಯಾಂಕ್ ಶಾಖೆಯೂ ಮುಚ್ಚಿದ ಮೇಲೆ ಉಳಿಯುವುದು ದುಬಾರಿ ಬಡ್ಡಿಯ ಸಾಲದಂಗಡಿ ಮಾತ್ರ. ಅಲ್ಲಿ ಸಮುದಾಯದ ಬ್ಯಾಂಕು ಬೇಕೇಬೇಕು.

ಆದರೆ ಬ್ಯಾಂಕಿನ ಜೊತೆಗೆ ಆಸ್ತಿಯೂ ಬೇಕು. ಇದು ಕನಸಿನ ಮಾತೇನಲ್ಲ. ಇಲಿನಾಯ್ ರಾಜ್ಯದ ಇವಾನ್‌ಸ್ಟನ್ ನಗರ 2021ರಲ್ಲಿ, ಹಿಂದಿನ ವಸತಿ ತಾರತಮ್ಯಕ್ಕೆ ಪರಿಹಾರವಾಗಿ ಅರ್ಹ ಕಪ್ಪು ನಿವಾಸಿಗಳಿಗೆ ಮನೆಗೆಂದು 25 ಸಾವಿರ ಡಾಲರ್‌ವರೆಗೆ ಕೊಡಲು ತೀರ್ಮಾನಿಸಿತು. ಕನೆಕ್ಟಿಕಟ್ ರಾಜ್ಯ 2023ರ ಜುಲೈಯಿಂದ ಹುಟ್ಟುವ ಬಡ ಕುಟುಂಬದ ಮಕ್ಕಳಿಗೆ, ಬಣ್ಣ ನೋಡದೆ, ತಲಾ 3,200 ಡಾಲರ್ ತೆಗೆದಿಟ್ಟು ಬೆಳೆಸುತ್ತಿದೆ. ಮೊತ್ತ ಚಿಕ್ಕದು, ದಾರಿ ಸರಿಯಾದದ್ದು. ಒಂದು ನಗರಸಭೆಗೆ, ಒಂದು ಪುಟ್ಟ ರಾಜ್ಯಕ್ಕೆ ಸಾಧ್ಯವಾದದ್ದು ಲೋಕದ ಅತಿ ಶ್ರೀಮಂತ ದೇಶಕ್ಕೆ ಯಾಕೆ ಸಾಧ್ಯವಿಲ್ಲ? 1865ರಲ್ಲಿ ಆ ಜನ ಕೇಳಿದ್ದು ನೆಲವನ್ನು. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.