ಮಣಿಕಟ್ಟಿನಿಂದ ಹೃದಯಕ್ಕೆ

ನಮ್ಮ ಕಾಕಾ ಅವರಿಗೆ ಆಂಜಿಯೋಗ್ರಫಿ ಆಗಬೇಕೆಂದಾಗ ಮನೆಯವರಿಗೆಲ್ಲ ಹೃದಯದ ಚಿಂತೆ. ಅವರ ಚಿಂತೆಯೇ ಬೇರೆ. "ತೊಡಿಯಾಗಿಂದ ನಳಿಗಿ ಹಾಕಿ ತಾಸುಗಟ್ಲೆ ಅಳ್ಳಾಡದಂಗ ಮಲಗಸ್ತಾರಂತ. ಸೊಂಟನೋವಿನವ ನಾ, ಹ್ಯಾಂಗ ಮಲಗ್ಲಿ?" ಅಂದರು. ಡಾಕ್ಟರು ಅವರ ಬಲಗೈ ನಾಡಿ ಹಿಡಿದು, "ಇಲ್ಲಿಂದ ಹೋಗೋಣ್ರಿ ಅಜ್ಜಾರ" ಎಂದರು. ಕಾಕಾ ನಂಬಲಿಲ್ಲ.

ಇದು ಹೊಸ ದಾರಿಯೇನಲ್ಲ. ಕೆನಡಾದ ಮಾಂಟ್ರಿಯಲ್‌ನ ಡಾ. ಲೂಸಿಯಾನ್ ಕಾಂಪೋ 100 ಜನರಲ್ಲಿ ಹೀಗೆ ಪರೀಕ್ಷೆ ಮಾಡಿದ್ದನ್ನು 1989ರಲ್ಲಿ ಪ್ರಕಟಿಸಿದರು. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಡಾ. ಫರ್ಡಿನಾಂಡ್ ಕೀಮನೈ ಮಣಿಕಟ್ಟಿನಿಂದಲೇ ಆಂಜಿಯೋಪ್ಲಾಸ್ಟಿಯನ್ನೂ ಮಾಡಿದರು.

ನಾಡಿ ಬಡಿಯುವ ರಕ್ತನಾಳ ಚರ್ಮದ ಕೆಳಗೇ, ಎಲುಬಿನ ಮೇಲಿದೆ. ಒತ್ತಿದರೆ ರಕ್ತ ನಿಲ್ಲುತ್ತದೆ. ತೊಡೆಸಂದಿನ ನಾಳ ಆಳದಲ್ಲಿದೆ. ರಕ್ತ ಒಳಗೇ ಸೋರಿದರೆ ಬೇಗ ತಿಳಿಯದು. ಹೃದಯಾಘಾತದಂಥ ತುರ್ತು ಸ್ಥಿತಿಯ 8,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ 'ಮ್ಯಾಟ್ರಿಕ್ಸ್' ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮಣಿಕಟ್ಟಿನ ದಾರಿಯಲ್ಲಿ ದೊಡ್ಡ ರಕ್ತಸ್ರಾವವೂ ಸಾವುಗಳೂ ಕಡಿಮೆ ಕಂಡವು. ಅಂಗೈಗೆ ರಕ್ತ ತರುವ ನಾಳಗಳು ಎರಡು; ಒಂದು ಮುಚ್ಚಿದರೂ ಸಾಮಾನ್ಯವಾಗಿ ಇನ್ನೊಂದು ಕೈಯನ್ನು ಕಾಯುತ್ತದೆ. ಹಾಕುವ ನಳಿಕೆಯ ದಪ್ಪ ಸುಮಾರು 2 ಮಿ.ಮೀ. ನಾಳ ಬಿಗಿದುಕೊಳ್ಳದಂತೆ, ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಡುತ್ತಾರೆ. ಕೆಲವರ ನಾಳ ತೀರ ಸಣ್ಣದು ಅಥವಾ ಅಂಕುಡೊಂಕು. ಆಗ ಡಾಕ್ಟರು ತೊಡೆಯ ದಾರಿ ಹಿಡಿದರೆ ಹಟ ಮಾಡಬಾರದು.

ಎರಡು ಮಾತು ಮೊದಲೇ ಹೇಳಬೇಕು. ಮೂತ್ರಪಿಂಡದ ಕಾಯಿಲೆಯಿದ್ದರೆ ಹೇಳಿ. ಮುಂದೆ ಡಯಾಲಿಸಿಸ್‌ಗೆ ಅದೇ ಕೈಯ ನಾಳ ಬೇಕಾದೀತು. ಇನ್ನೊಂದು ನಮ್ಮ ಮನೆಗಳದ್ದೇ. ನಾಳಗಳ ಚಿತ್ರ ಮೂಡಲೆಂದು ಹಾಕುವ ದ್ರವ ಮೂತ್ರದಲ್ಲಿ ಹೊರಹೋಗಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಮೂತ್ರಪಿಂಡಕ್ಕೆ ಪೆಟ್ಟು. ಸೂರ್ಯಾಸ್ತದ ಮೇಲೆ ನೀರೂ ಮುಟ್ಟದ ಹಿರಿಯರು, ಚತುರ್ದಶಿಯ ಉಪವಾಸದವರು ತಮ್ಮ ನಿಯಮವನ್ನು ಮುಚ್ಚಿಡದೆ ತಿಳಿಸಿ, ಬೆಳಗಿನ ವೇಳೆ ಕೇಳಿಕೊಳ್ಳಲಿ. ಅಗತ್ಯವಿದ್ದರೆ ಸಲೈನ್ ಹಾಕುತ್ತಾರೆ. ಆಸ್ಪತ್ರೆಯಲ್ಲಿ ಸಂಕೋಚ ಯಾಕೆ?

ಕಾಕಾ ಪರೀಕ್ಷೆ ಮುಗಿದ ಸ್ವಲ್ಪ ಹೊತ್ತಿಗೇ ಎದ್ದು ಕುಳಿತರು, ತಾವೇ ನಡೆದು ಬಚ್ಚಲಿಗೆ ಹೋದರು. ತೊಂದರೆ ಬಂದದ್ದು ಆಮೇಲೆ. ಮೂರನೆಯ ದಿನವೇ ಅಂಗಡಿಗೆ ಹೋಗಿ ಬೇಳೆಯ ಚೀಲಕ್ಕೆ ಕೈ ಹಾಕಿ ಮಣಿಕಟ್ಟು ಊದಿಸಿಕೊಂಡರು. ಕೆಲವು ದಿನ ಆ ಕೈಯಿಂದ ಭಾರ ಎತ್ತಬಾರದೆಂದು ಹೇಳಿ ಕಳಿಸಿದ್ದರು, ಕೇಳುವವರಾರು! ರಕ್ತ ಬಂದರೆ ಗಟ್ಟಿಯಾಗಿ ಒತ್ತಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೆರಳು ತಣ್ಣಗಾದರೂ, ಜೋಮು ಹಿಡಿದರೂ ಹಾಗೆಯೇ. ಕಾಕಾ ಅವರ ಬಾವು ಇಳಿಯಿತು. ಈಗ ಚೀಲ ಹುಡುಗರ ಪಾಲು, ಗಲ್ಲಾ ಕಾಕಾ ಅವರದು.