ಮನೆಯ ಬಾಗಿಲು, ಠಾಣೆಯ ಬಾಗಿಲು



ಗಂಡ ಹೊಡೆದರೆ "ಮನೆ ವಿಷಯ, ಹೊರಗೆ ಹೇಳಬೇಡ" ಎನ್ನುತ್ತಾರೆ. ಸರ್ಕಾರದವರೇ ಹೊಡೆದರೆ "ದೊಡ್ಡವರ ವಿಷಯ, ಬಾಯಿ ಬಿಡಬೇಡ" ಎನ್ನುತ್ತಾರೆ. ಎರಡು ಕಡೆಯೂ ಮುಚ್ಚಿಸುವುದು ಹೆಣ್ಣಿನ ಬಾಯನ್ನೇ.

ಆಳುವವರು ಎದುರು ಮಾತಾಡಿದವರನ್ನೂ, ಕೇಳುವವರಿಲ್ಲದ ಸಣ್ಣ ಸಮುದಾಯಗಳನ್ನೂ ತುಳಿದದ್ದು ಹೊಸದಲ್ಲ. ತುರ್ತು ಪರಿಸ್ಥಿತಿಯಲ್ಲಿ ನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಜೈಲಿನಲ್ಲಿಟ್ಟರು. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು. ಅವರ ಹೆಸರನ್ನಾದರೂ ನಾಡು ಬಲ್ಲದು. ನಮ್ಮ ಬೆಟ್ಟದ ಹೆಂಗಸರ ಹೆಸರು ಯಾರಿಗೆ ಗೊತ್ತು?

ವೀರಪ್ಪನ್ ಕೊಂದವರಲ್ಲಿ ಪೊಲೀಸರೂ ಇದ್ದರು, ಬಡ ಹಳ್ಳಿಗರೂ ಇದ್ದರು. ಅವನನ್ನು ಹಿಡಿಯಲೇಬೇಕಿತ್ತು, ನಿಜ. ಆದರೆ 1990ರ ದಶಕದಲ್ಲಿ ಕೊಳ್ಳೇಗಾಲ, ಹನೂರು ಕಡೆಯ ಸೋಲಿಗರನ್ನೂ ತಮಿಳು ಮಾತಾಡುವ ಬಡ ರೈತರು, ಕೂಲಿಗಳನ್ನೂ ಅವನಿಗೆ ಅಕ್ಕಿ ಕೊಟ್ಟಿರೆಂದು ಎಳೆದೊಯ್ದರು. ಮಾದೇಶ್ವರ ಬೆಟ್ಟದ ಶಿಬಿರಕ್ಕೆ 'ವರ್ಕ್‌ಶಾಪ್' ಎಂದೇ ಹೆಸರು ಬಿತ್ತು. ನೂರಕ್ಕೂ ಹೆಚ್ಚು ಮಂದಿ ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿ ಕೊಳೆತರು. 2001ರಲ್ಲಿ ನ್ಯಾಯಾಲಯ ಅವರಲ್ಲಿ ಬಹುಪಾಲು ಜನರನ್ನು ಬಿಡುಗಡೆ ಮಾಡಿತು. ಕಳೆದುಹೋದ ವರ್ಷಗಳನ್ನು ಕೊಡುವವರು ಯಾರು?

ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಸಮಿತಿಯನ್ನು ನೇಮಿಸಿದಾಗ ಹೆಂಗಸರು ಎದ್ದು ನಿಂತು ಹೇಳಿದರು: ಬಟ್ಟೆ ಬಿಚ್ಚಿಸಿದ್ದನ್ನು, ಕರೆಂಟ್ ಕೊಟ್ಟಿದ್ದನ್ನು, ಕೆಡಿಸಿದ್ದನ್ನು. 2007ರಲ್ಲಿ ಆಯೋಗ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು.

ಗಡಿಯಾಚೆ ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ, 1992ರ ಜೂನ್‌ನಲ್ಲಿ, ಗಂಧದ ಮರ ಹುಡುಕಲು ಬಂದ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿಯ ದಾಳಿಯಲ್ಲಿ 18 ಆದಿವಾಸಿ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಆ ಹೆಂಗಸರು ಮಾತು ಬದಲಿಸಲಿಲ್ಲ. 2011ರಲ್ಲಿ, ಬದುಕಿದ್ದ 215 ಆರೋಪಿಗಳೂ ತಪ್ಪಿತಸ್ಥರೆಂದು ತೀರ್ಪಾಯಿತು. 2023ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ವರದಕ್ಷಿಣೆ ವಿರುದ್ಧ ಹೋರಾಡುವ ನಮಗೆ ಇದೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಠಾಣೆಯಲ್ಲಿ ಅತ್ಯಾಚಾರಕ್ಕೊಳಗಾದ ಮಥುರಾ ಎಂಬ ಆದಿವಾಸಿ ಹುಡುಗಿಯ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಪೊಲೀಸರನ್ನು ಬಿಟ್ಟುಬಿಟ್ಟಿತು. ದೇಶದ ಹೆಂಗಸರು ಬೀದಿಗಿಳಿದರು. 1983ರಲ್ಲಿ ಪೊಲೀಸರ ವಶದಲ್ಲಿ ನಡೆಯುವ ಅತ್ಯಾಚಾರಕ್ಕೆ ಕಠಿಣ ಕಾನೂನು ಬಂತು. ಗಂಡನ ಮನೆಯ ಕ್ರೌರ್ಯಕ್ಕೆ 498-ಎ ಬಂದದ್ದೂ ಅದೇ ವರ್ಷ. ಎರಡನ್ನೂ ತಂದದ್ದು ಒಂದೇ ಹೋರಾಟ.

ಹನೂರಿನ ಹಳ್ಳಿಯಲ್ಲಿ ಇಂದಿಗೂ ಖಾಕಿ ಕಂಡರೆ ನಡುಗುವ ತಾಯಿ, ಮಗಳ ಮೈಮೇಲಿನ ಬಾಸುಂಡೆ ತೋರಿಸಲು ಠಾಣೆಯ ಮೆಟ್ಟಿಲು ಹತ್ತುವುದು ಹೇಗೆ? ಒಂಟಿಯಾಗಿ ಹತ್ತಲಾರಳು. ಸಂಘ ಜೊತೆಗಿದ್ದರೆ ಹತ್ತುತ್ತಾಳೆ. 498-ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ಸಾಕ್ಷಿ ಹೇಳಬೇಕಾದ ಹೆಂಗಸನ್ನು ಠಾಣೆಗೆ ಬಾ ಎಂದು ಬಲವಂತ ಮಾಡುವಂತಿಲ್ಲ, ಪೊಲೀಸರೇ ಅವಳ ಮನೆಗೆ ಬರಬೇಕು.

ಸಾಲದ ಲೆಕ್ಕ ಮುಗಿದ ಮೇಲೆ ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿ. ನಿಮ್ಮೂರ ಹಿರಿಯ ಹೆಂಗಸರು ಅಂದು ಕಂಡದ್ದನ್ನು ಹೇಳಲು ಮನಸ್ಸು ಮಾಡಿದರೆ ಕೇಳಿಸಿಕೊಳ್ಳಿ, ಅವರು ಒಪ್ಪಿದರೆ ಬರೆದಿಡಿ. ಬಾಯಿ ತೆರೆದವಳನ್ನು ಒಂಟಿ ಮಾಡದಿರುವುದೇ ಸಂಘದ ಮೊದಲ ಕೆಲಸವೆಂದು ನಾನು ನಂಬಿದ್ದೇನೆ.