ಯಾರಿಗೆ ಅಜ್ಞಾತ?

1989ರಲ್ಲಿ 'ಗಿಟಾರ್ ಪ್ಲೇಯರ್' ಎಂಬ ಅಮೆರಿಕದ ಪತ್ರಿಕೆ ವಾಷಿಂಗ್ಟನ್ನಿನ ಡ್ಯಾನಿ ಗ್ಯಾಟನ್ ಅವರನ್ನು ಜಗತ್ತಿನ ಅತಿ ಶ್ರೇಷ್ಠ ಅಜ್ಞಾತ ಗಿಟಾರ್ ವಾದಕ ಎಂದು ಕರೆಯಿತು. ಹೊಗಳಿಕೆಯ ಮಾತೇ, ನಿಜ. ಆದರೆ ಆ ಬಿರುದು ಅವರನ್ನು ಇಂದಿಗೂ ಬಿಟ್ಟಿಲ್ಲ. ಅವರ ಕುರಿತು ಬರೆಯುವವರು ಅಲ್ಲಿಂದ ಆರಂಭಿಸುತ್ತಾರೆ, ಬಹುಪಾಲು ಅಲ್ಲಿಯೇ ನಿಂತುಬಿಡುತ್ತಾರೆ. ನಾವು ಈ ಬಿರುದನ್ನು ಒಪ್ಪುವುದಿಲ್ಲ.

ಮೊದಲನೆಯದಾಗಿ, ಇದು ಎರವಲು ಮಾಲು. 1971ರಲ್ಲಿ ಅಮೆರಿಕದ ಸಾರ್ವಜನಿಕ ದೂರದರ್ಶನ ಅದೇ ವಾಷಿಂಗ್ಟನ್ ಪರಿಸರದ ರಾಯ್ ಬುಕನನ್ ಅವರ ಮೇಲೆ ಸಾಕ್ಷ್ಯಚಿತ್ರ ಮಾಡಿದಾಗಲೂ ಹೆಚ್ಚುಕಡಿಮೆ ಇದೇ ಪದಗಳನ್ನು ಅಂಟಿಸಲಾಗಿತ್ತು. ಹದಿನೆಂಟು ವರ್ಷಗಳ ಬಳಿಕ ಅದೇ ಚೀಟಿ ಇನ್ನೊಬ್ಬರ ಹಣೆಗೆ. ಅಜ್ಞಾತ ಯಾರಿಗೆ ಎಂದು ಯಾರೂ ಕೇಳಲಿಲ್ಲ. ವಾಷಿಂಗ್ಟನ್ ಮತ್ತು ಮೇರಿಲ್ಯಾಂಡ್‌ನ ಕ್ಲಬ್ಬುಗಳ ಶ್ರೋತೃಗಳು ಗ್ಯಾಟನ್ ಅವರನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗಾಯಕ ರಾಬರ್ಟ್ ಗಾರ್ಡನ್ ಅವರ ತಂಡದಲ್ಲಿ ಅವರು ನುಡಿಸಿದ್ದರ ಧ್ವನಿಮುದ್ರಣವೊಂದು ಯಾವ ಕಂಪನಿಯ ಹಂಗೂ ಇಲ್ಲದೆ ನಕಲಾಗಿ ಕೈಯಿಂದ ಕೈಗೆ ದಾಟಿತು. 'ದಿ ಹಂಬ್ಲರ್' ಎಂಬುದು ಅದರ ಹೆಸರು. ಗರ್ವ ಇಳಿಸುವವನು ಎಂದರ್ಥ. ಗಿಟಾರ್ ಹಿಡಿದವರಿಗೆ ಅವರು ಗೊತ್ತಿದ್ದರು. ಗೊತ್ತಿಲ್ಲದವರು ಪತ್ರಿಕೆ ಓದುವವರು ಮಾತ್ರ.

ಎರಡನೆಯ ತಕರಾರು ಹೆಚ್ಚು ಗಂಭೀರವಾದದ್ದು. ಬ್ಲೂಸ್ ಮತ್ತು ರಾಕಬಿಲಿಯನ್ನು ಮರುನುಡಿಸಿದವರು ಹಳೆಯದರ ನಕಲುಗಾರರು ಎಂಬ ಮಾತು ನಮ್ಮ ಬಳಗದಲ್ಲಿಯೂ ಕೇಳಿಬಂದದ್ದುಂಟು. ಗುರುವಿನ ಬಂದಿಶನ್ನು ಜೀವನವಿಡೀ ಹಾಡುವ ಖಯಾಲ್ ಗಾಯಕನನ್ನು ನಕಲುಗಾರನೆನ್ನದ ನಾವು ಇಲ್ಲಿ ಮಾತ್ರ ಯಾಕೆ ಇಷ್ಟು ಅವಸರಪಡುತ್ತೇವೆ? 1954ರಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಎಲ್ವಿಸ್ ಪ್ರೆಸ್ಲಿಯ ಹಾಡಿಗೆ ಸ್ಕಾಟಿ ಮೂರ್ ಗಿಟಾರ್ ನುಡಿಸಿದಾಗ ಗ್ಯಾಟನ್‌ಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ಆ ಸಂಗೀತ ಮರಳಿ ಬಂದಾಗ ಅನೇಕರ ಕೈಗೆ ಸಿಕ್ಕಿದ್ದು ಎತ್ತರಕ್ಕೆ ಬಾಚಿದ ಕೂದಲು ಮತ್ತು ಹಳೆಯ ಕಾಲದ ಅಂಗಿ. ಗ್ಯಾಟನ್‌ಗೆ ಸಿಕ್ಕಿದ್ದು ವ್ಯಾಕರಣ. 1953ರ ಟೆಲಿಕ್ಯಾಸ್ಟರ್ ಗಿಟಾರಿನ ಮೇಲೆ ಪಿಕ್ಕನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಉಳಿದ ಬೆರಳುಗಳಿಂದ ಬ್ಯಾಂಜೋದ ಉರುಳುವ ಮೀಟುಗಳನ್ನು ಹೊರಡಿಸುತ್ತಿದ್ದರು. ಒಂದೇ ಉಸಿರಿನಲ್ಲಿ ಚಾರ್ಲಿ ಕ್ರಿಶ್ಚಿಯನ್ ಅವರ ಜ್ಯಾಝ್ ನಡೆ, ಲೆಸ್ ಪಾಲ್ ಅವರ ಚುರುಕು, ಹಳ್ಳಿಗಾಡಿನ ಕಂಟ್ರಿ ತಂತಿಯ ಅಳು. 1978ರಲ್ಲಿ ಬಂದ ಧ್ವನಿಮುದ್ರಿಕೆಗೆ ಅವರು ಕೊಟ್ಟ ಹೆಸರೇ 'ರೆಡ್‌ನೆಕ್ ಜ್ಯಾಝ್'. ನಗರದವರು ಹಳ್ಳಿಯ ಬಿಳಿಯರನ್ನು ಹೀಯಾಳಿಸುವ ಪದವನ್ನು ಜ್ಯಾಝ್‌ನ ಪಕ್ಕದಲ್ಲಿ ಕೂರಿಸಿದವರನ್ನು ನಕಲುಗಾರನೆನ್ನಲು ಧೈರ್ಯ ಬೇಕು.

ಸ್ಲೈಡ್‌ಗೆ ಬದಲು ಬಿಯರ್ ಬಾಟಲಿಯನ್ನು ತಂತಿಯ ಮೇಲೆ ಜಾರಿಸಿ, ಚೆಲ್ಲಿದ್ದನ್ನು ಟವೆಲಿನಿಂದ ಒರೆಸುತ್ತ, ಆ ಟವೆಲಿನ ಅಡಿಯಲ್ಲೇ ವಾದನ ಮುಂದುವರಿಸುವುದು ಅವರ ಪ್ರಸಿದ್ಧ ಚೇಷ್ಟೆ. ಇದನ್ನು ಸರ್ಕಸ್ ಎಂದು ಮೂಗು ಮುರಿಯುವವರಿದ್ದಾರೆ. ಈ ಸಂಗೀತ ಬೆಳೆದದ್ದು ಕುಡಿದು ಕುಣಿಯುವವರ ಮಧ್ಯೆ. ಅಲ್ಲಿ ನಗಿಸುವುದೂ ವಾದಕನ ಕೆಲಸವೇ.

1991ರಲ್ಲಿ ಎಲೆಕ್ಟ್ರಾ ಕಂಪನಿಯಿಂದ '88 ಎಲ್ಮೈರಾ ಸ್ಟ್ರೀಟ್' ಬಂತು. ಅದು ಅವರ ಬಾಲ್ಯದ ಮನೆಯ ವಿಳಾಸ. ಅದರ ಒಂದು ರಚನೆ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು. ಬೀಚ್ ಬಾಯ್ಸ್ ಹಾಡಿನಿಂದ ಸಿಂಪ್ಸನ್ಸ್ ಕಾರ್ಟೂನಿನ ಶೀರ್ಷಿಕೆ ಸಂಗೀತದವರೆಗೆ ಎಲ್ಲವೂ ಅದರಲ್ಲಿದೆ. ಶೈಲಿಗಳ ಸಂತೆ ಎಂಬ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ ಎಂದೇ ಇಟ್ಟುಕೊಳ್ಳೋಣ. ಆದರೆ ಯಾವ ಕಪಾಟಿನಲ್ಲಿ ಇಡಬೇಕು ಎಂಬುದು ಅಂಗಡಿಯವನ ಚಿಂತೆ, ಶ್ರೋತೃವಿನದಲ್ಲ. 1993ರ ಎರಡನೆಯ ಧ್ವನಿಮುದ್ರಿಕೆಯ ಬಳಿಕ ಕಂಪನಿ ಅವರನ್ನು ಕೈಬಿಟ್ಟಿತು. ಊರೂರು ತಿರುಗುವ ಪ್ರವಾಸ ಅವರಿಗೆ ಒಗ್ಗುತ್ತಿರಲಿಲ್ಲ. ಮನೆ, ಸಂಸಾರ, ರಿಪೇರಿಗೆ ನಿಂತ ಹಳೆಯ ಕಾರುಗಳು ಬೇಕಿದ್ದವು. ಇದನ್ನು ಮಹತ್ವಾಕಾಂಕ್ಷೆಯ ಕೊರತೆ ಎಂದು ಬರೆದವರಿಗೆ ಮನೆಯಲ್ಲಿರುವುದೂ ಒಂದು ಆಯ್ಕೆ ಎಂಬುದು ಹೊಳೆಯಲಿಲ್ಲ.

1994ರ ಅಕ್ಟೋಬರ್ 4ರಂದು, ನಲವತ್ತೊಂಬತ್ತರ ವಯಸ್ಸಿನಲ್ಲಿ, ಮೇರಿಲ್ಯಾಂಡ್‌ನ ತಮ್ಮ ತೋಟದಲ್ಲಿ ಗ್ಯಾಟನ್ ಪ್ರಾಣ ಕಳೆದುಕೊಂಡರು. ಆತ್ಮಹತ್ಯೆ. ಅಂದಿನಿಂದ ಕಥೆ ಸಿದ್ಧವಾಗಿದೆ: ಲೋಕ ಗುರುತಿಸಲಿಲ್ಲ, ಕಲಾವಿದ ಹೊರಟುಹೋದ. ನಮ್ಮ ತೀವ್ರ ವಿರೋಧವಿರುವುದು ಇದಕ್ಕೆ. ಒಬ್ಬ ಮನುಷ್ಯನ ಒಳಗಿನ ಕತ್ತಲೆಯನ್ನು ಮಾರಾಟದ ಲೆಕ್ಕಪತ್ರದಿಂದ ಓದಲು ಯಾರಿಗೂ ಅಧಿಕಾರವಿಲ್ಲ. 'ಅಜ್ಞಾತ' ಎಂಬ ಬಿರುದು ಈ ಸೋಮಾರಿ ವಿವರಣೆಗೆ ದಾರಿ ಮಾಡಿಕೊಟ್ಟಿತು. ಸಾವು ಬಿರುದಿಗೆ ಪುರಾವೆಯಾಯಿತು, ಬಿರುದು ಸಾವಿಗೆ ಕಾರಣವಾಯಿತು. ಈ ಸುತ್ತಿನಲ್ಲಿ ಕಳೆದುಹೋದದ್ದು ಸಂಗೀತ.

ಅದೇ 1994ರಲ್ಲಿ ಆರ್ಗನ್ ವಾದಕ ಜೋಯಿ ಡಿಫ್ರಾನ್ಸೆಸ್ಕೊ ಅವರೊಂದಿಗೆ ಗ್ಯಾಟನ್ ಹೊರತಂದ 'ರಿಲೆಂಟ್‌ಲೆಸ್' ನಮ್ಮ ಮುಂದಿದೆ. ಅವರ ಮೇಲೆ ಇನ್ನೊಂದು ಶೋಕಲೇಖನ ಬರೆಯಹೊರಟವರು ಮೊದಲು ಅದನ್ನು ಪೂರ್ತಿ ಕೇಳಲಿ.